ಹತ್ತು ಎಣಿಸುವ ಆಟ: ಆಟಿಕೆ ಮುಟ್ಟದ ಒಂದು ಮಗುವಿನ ಪ್ರಕರಣ

"ಮೇಡಂ, ನಮ್ಮ ಪಾಪು ಆಟದ ಸಾಮಾನು ಮುಟ್ಟೋದೇ ಇಲ್ಲ. ಕೈಗೆ ಕೊಟ್ರೆ ಹಿಡ್ಕೊಳ್ತಾಳೆ. ಬಿದ್ದುಹೋದ್ರೆ ಸುಮ್ನೆ ನೋಡ್ತಾ ಇರ್ತಾಳೆ. ಇನ್ನೂ ಮಗುಚ್ಕೊಂಡೂ ಇಲ್ಲ."

ಫೋನಿನಲ್ಲಿ ತಾಯಿ ಹೇಳಿದ್ದು ಇಷ್ಟೇ. ನಾನು ಚಿಕ್ಕ ಮಕ್ಕಳನ್ನು ನೋಡುವ ಫಿಸಿಯೋಥೆರಪಿಸ್ಟ್. ಇಂಥ ಫೋನು ನನಗೆ ಹೊಸದಲ್ಲ. ಆದರೆ ಈ ಮನೆಯಲ್ಲಿ ಕಂಡದ್ದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಮಗುವಿಗೆ ಯಾವ ಕಾಯಿಲೆಯೂ ಇರಲಿಲ್ಲ, ಮನೆಯವರ ಪ್ರೀತಿಗೂ ಕೊರತೆ ಇರಲಿಲ್ಲ. ಇಲ್ಲಿ ಅವಳನ್ನು ಪುಟ್ಟಿ ಅಂತ ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ವಯಸ್ಸಿನ ಲೆಕ್ಕ

ಪುಟ್ಟಿಗೆ ಆಗ 29 ವಾರ, ಅಂದರೆ ಆರೂವರೆ ತಿಂಗಳು ದಾಟಿತ್ತು. ಅವಳಿಗಿಂತ ಹದಿನೈದು ದಿನ ಚಿಕ್ಕವನಾದ ಸೋದರಮಾವನ ಮಗ ಆಗಲೇ ಮನೆ ತುಂಬ ಉರುಳಾಡುತ್ತಿದ್ದ. ಅವನ ವಿಡಿಯೋ ದಿನಾ ಮನೆಯವರ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ತಾಯಿಯ ಗಾಬರಿಗೆ ಅರ್ಧ ಕಾರಣ ಆ ವಿಡಿಯೋಗಳೇ.

ಪುಟ್ಟಿ ಹುಟ್ಟಿದ್ದು ಯಾವಾಗ ಅಂತ ಕೇಳಿದೆ. 35ನೇ ವಾರಕ್ಕೆ. ತುಂಬು ದಿನ ಅಂದರೆ 40 ವಾರ, ಇವಳು 5 ವಾರ ಮೊದಲೇ ಬಂದಿದ್ದಾಳೆ. ಬೆಳವಣಿಗೆ ಅಳೆಯುವಾಗ ಆ 5 ವಾರ ಕಳೆಯಬೇಕು. 29ರಲ್ಲಿ 5 ಹೋದರೆ 24 ವಾರ, ಹತ್ತಿರ ಹತ್ತಿರ ಐದೂವರೆ ತಿಂಗಳು. ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಎರಡು ವರ್ಷದವರೆಗೂ ಈ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇವೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ ಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿ, ಬೋರಲಿನಿಂದ ಅಂಗಾತ ಮಗುಚುವುದು ಆರು ತಿಂಗಳ ಸಾಲಿನಲ್ಲಿದೆ. ಆ ವಯಸ್ಸಿಗೆ ನೂರರಲ್ಲಿ 75 ಮಕ್ಕಳಾದರೂ ಅದನ್ನು ಮಾಡುತ್ತಾರೆ ಅನ್ನುವುದು ಆ ಸಾಲಿನ ಅರ್ಥ. ಪುಟ್ಟಿ ಹಿಂದೆ ಬಿದ್ದಿರಲಿಲ್ಲ. ಅವಳ ಸರದಿ ಈಗಷ್ಟೇ ಬರುತ್ತಿತ್ತು.

ಇಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಬಿದ್ದ ಸಾಮಾನನ್ನು ಸುಮ್ಮನೆ ನೋಡುತ್ತಾಳೆ ಅನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು. ಮನೆಗೇ ಬರುತ್ತೇನೆ ಅಂದೆ.

ಮೊದಲ ಭೇಟಿ

ಹಾಲ್ ತುಂಬ ಆಟಿಕೆ. ದೀಪ ಮಿನುಗುವ ಗೊಂಬೆ, ಗುಂಡಿ ಒತ್ತಿದರೆ ಹಾಡುವ ಡಬ್ಬಿ, ತೂಗುವ ಬೌನ್ಸರ್ ಕುರ್ಚಿ. ಮೂಲೆಯಲ್ಲಿ ಇನ್ನೂ ಬಿಚ್ಚದ ವಾಕರ್ ಪೆಟ್ಟಿಗೆ. ನೆಲದ ಮೇಲೆ ಮಾತ್ರ ಮಗು ಮಲಗುವಂಥ ಜಾಗ ಇರಲಿಲ್ಲ.

ಮೊದಲು ಮಗುವನ್ನೇ ಪರೀಕ್ಷೆ ಮಾಡಿದೆ. ಎರಡೂ ಕೈ, ಎರಡೂ ಕಾಲು ಸಮನಾಗಿ ಆಡುತ್ತಿದ್ದವು. ಮುಷ್ಟಿ ಬಿಗಿ ಇರಲಿಲ್ಲ. ಗಿಲಕಿ ಆಡಿಸಿದ ಕಡೆ ತಿರುಗಿದಳು. ಕೆಂಪು ಚೆಂಡನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಕತ್ತು ನಿಂತಿತ್ತು. ತಲೆಯ ಹಿಂಭಾಗ ಬಲಗಡೆ ಸ್ವಲ್ಪ ಚಪ್ಪಟೆಯಾಗಿತ್ತು, ಹಾಗಾಗಿ ಕತ್ತನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ ನೋಡಿದೆ. ಪೂರ್ತಿ ತಿರುಗಿತು, ಎಲ್ಲೂ ಬಿಗಿ ಇಲ್ಲ. ಬಿಗಿ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ತಲೆ ಯಾವಾಗಲೂ ಒಂದೇ ಕಡೆ ವಾಲುವುದು, ಒಂದು ಕೈಯನ್ನಷ್ಟೇ ಬಳಸುವುದು, ಮೈ ಕಡ್ಡಿಯಂತೆ ಸೆಟೆದುಕೊಳ್ಳುವುದು ಅಥವಾ ಬಟ್ಟೆಯಂತೆ ಜೋತುಬೀಳುವುದು, ಶಬ್ದಕ್ಕೆ ತಿರುಗದಿರುವುದು, ಬರುತ್ತಿದ್ದದ್ದನ್ನು ಬಿಟ್ಟುಬಿಡುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಮನೆ ಆಟ ನೆಚ್ಚಿಕೊಂಡು ಕೂರಬಾರದು, ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಇವಳನ್ನು ಡಾಕ್ಟರು ಆಗಲೇ ನೋಡಿ, ತೊಂದರೆ ಇಲ್ಲ ಅಂದಿದ್ದರು. ನನಗೂ ಹಾಗೇ ಕಂಡಿತು.

ಚಪ್ಪಟೆಯ ಕಾರಣ ಮಂಚದ ಹತ್ತಿರ ಸಿಕ್ಕಿತು. ಪುಟ್ಟಿಯ ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು. ಅಮ್ಮ ಬರುವುದು, ಬೆಳಕು ಬರುವುದು ಎಲ್ಲ ಬಲದಿಂದಲೇ. ಗೋಡೆಯಲ್ಲಿ ನೋಡುವಂಥದ್ದು ಏನಿದೆ? ದಿನ ಬಿಟ್ಟು ದಿನ ತಲೆಯ ದಿಕ್ಕು ಬದಲಿಸಿ ಮಲಗಿಸಿ ಅಂದೆ. ಅಂಗಾತ ಮಲಗಿಸುವುದನ್ನು ಮಾತ್ರ ಬಿಡಬಾರದು. ಮಗು ನಿದ್ದೆಯಲ್ಲಿ ಅಂಗಾತವೇ ಇರಬೇಕು. ಹಠಾತ್ ಶಿಶುಮರಣದ ಅಪಾಯ ಕಡಿಮೆಯಾಗುವುದು ಹಾಗೆ ಮಲಗಿದಾಗ. ಬೋರಲು ಆಟ ಏನಿದ್ದರೂ ಎಚ್ಚರವಿದ್ದಾಗ, ಪಕ್ಕದಲ್ಲಿ ಒಬ್ಬರು ಕೂತಿರುವಾಗ.

ಆಮೇಲೆ ಗೋಡೆಗೆ ಒರಗಿ ಕೂತು 20 ನಿಮಿಷ ಸುಮ್ಮನೆ ನೋಡಿದೆ. ನೀವು ದಿನಾ ಹೇಗೆ ಇರ್ತೀರೋ ಹಾಗೇ ಇರಿ ಅಂದಿದ್ದೆ. ಪುಟ್ಟಿ ಅಮ್ಮನ ತೊಡೆಯ ಮೇಲಿದ್ದಳು. ಗಿಲಕಿ ಕೈಗೆ ಬಂತು, ಬಿತ್ತು. ತಾಯಿ ಎತ್ತಿಕೊಟ್ಟರು. ಮತ್ತೆ ಬಿತ್ತು. ಅಜ್ಜಿ ಎತ್ತಿಕೊಟ್ಟರು. ಬೊಂಬೆಯ ಕಡೆ ಕಣ್ಣು ಹೋಯಿತು, ಬೊಂಬೆ ಕೈಗೆ ಬಂತು. ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಹೋದೆ. 20 ನಿಮಿಷದಲ್ಲಿ 14 ಸಲ ಯಾರೋ ಒಬ್ಬರು ಏನೋ ಒಂದನ್ನು ಅವಳ ಕೈಗೆ ಇಟ್ಟಿದ್ದರು. ಅವಳಾಗಿ ಕೈ ಚಾಚಿದ್ದು ಸೊನ್ನೆ ಸಲ.

ಏಳು ಸೆಕೆಂಡ್

ಈ ಪ್ರಕರಣದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತಾಯಿಯ ಫೋನನ್ನೇ ತೆಗೆದುಕೊಂಡು ವಿಡಿಯೋ ಮಾಡಿದೆ. ಪುಟ್ಟಿಯನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಸುತ್ತಿದ ಟವೆಲ್ ಒತ್ತಿಟ್ಟೆ. ಮಗ್ಗುಲಾಗಿ ಮಲಗಿದರೆ ಎರಡೂ ಕೈ ತಾವಾಗಿಯೇ ಎದೆಯ ಮುಂದೆ ಕೂಡುತ್ತವೆ, ಕೈ ಎತ್ತಿ ಹಿಡಿಯುವ ಶ್ರಮ ಇರಲ್ಲ. ಅವಳ ಮುಂದೆ ಒಂದು ಮರದ ಚಮಚ ಇಟ್ಟೆ. ಕೈಗಲ್ಲ, ಕೈಯಿಂದ ನಾಲ್ಕು ಬೆರಳು ದೂರದಲ್ಲಿ. ಯಾರೂ ಮುಟ್ಟಬಾರದು ಅಂದೆ.

ಮೊದಲು ಏನೂ ಆಗಲಿಲ್ಲ. ಪುಟ್ಟಿ ಚಮಚ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಚಮಚ. ಕಾಲು ಒದೆಯುವುದು ನಿಂತಿತು. ತಾಯಿಯ ಕೈ ಅಷ್ಟರಲ್ಲೇ ಮುಂದೆ ಬಂತು, ನಾನು ತಡೆದೆ. ಆಗ ಮೇಲಿದ್ದ ಕೈಯ ಬೆರಳುಗಳು ಬಿಚ್ಚಿದವು. ತೋಳು ಅಲ್ಲಾಡಲಿಲ್ಲ, ಬೆರಳಷ್ಟೇ. ಆಮೇಲೆ ಮೊಣಕೈ. ಕೈ ಚಮಚದ ಆಚೆಗೆ ಹೋಗಿ ಚಾಪೆಗೆ ಬಡಿಯಿತು, ವಾಪಸ್ ಬಂದು ಅಂಗೈಯ ಅಂಚಿನಿಂದ ಚಮಚವನ್ನು ಎಳೆಯಿತು. ಹಿಡಿದಳು. ನೇರ ಬಾಯಿಗೆ.

ವಿಡಿಯೋ ಹಾಕಿ ನೋಡಿದರೆ, ಚಮಚ ಕಂಡಾಗಿನಿಂದ ಬೆರಳು ಬಿಚ್ಚುವವರೆಗೆ 7 ಸೆಕೆಂಡ್. ನಮಗೆ ಅದು ಏನೂ ಅಲ್ಲ. ಆದರೆ ಮಗುವಿನ ಎದುರು ಕೂತವರಿಗೆ 7 ಸೆಕೆಂಡ್ ಅಂದರೆ ತುಂಬಾ ಜಾಸ್ತಿ ಹೊತ್ತು. "ಪಾಪ, ಅವಳಿಗೆ ಬೇಕು" ಅಂತ ಎರಡನೇ ಸೆಕೆಂಡಿಗೇ ಕೈ ಹೋಗಿಬಿಡುತ್ತದೆ. ಈ ಮನೆಯಲ್ಲಿ ಆಗುತ್ತಿದ್ದದ್ದು ಅದೇ. ಪುಟ್ಟಿಗೆ ಆಸೆ ಇತ್ತು, ಕೈಯೂ ಇತ್ತು. ನಡುವಿನ ಆ 5 ಸೆಕೆಂಡ್ ಮಾತ್ರ ಅವಳಿಗೆ ಸಿಗುತ್ತಿರಲಿಲ್ಲ.

ದೊಡ್ಡವರಿಗೆ ಕೈ ಚಾಚುವುದು ಒಂದೇ ಕೆಲಸ. ಆ ವಯಸ್ಸಿಗೆ ಅದು ಹಲವು ಕೆಲಸ. ಅದರಲ್ಲೂ ಬೋರಲು ಮಲಗಿ ಒಂದು ಕೈ ಚಾಚಬೇಕು ಅಂದರೆ, ಮೊದಲು ಇನ್ನೊಂದು ಮೊಣಕೈ ಮೇಲೆ ಭಾರ ಹಾಕಬೇಕು. ಭಾರ ಆ ಕಡೆ ವಾಲಿದಾಗ ಸೊಂಟವೂ ತುಸು ತಿರುಗುತ್ತದೆ. ಇನ್ನೂ ಸ್ವಲ್ಪ ಚಾಚಿದರೆ ಮಗು ಆ ಕಡೆಗೆ ಉರುಳುತ್ತದೆ. ಮಗುಚುವುದನ್ನು ಯಾರೂ ಕಲಿಸಬೇಕಾಗಿಲ್ಲ, ಕೈಗೆ ಎಟುಕದ ಚಮಚವೇ ಕಲಿಸುತ್ತದೆ. ಪುಟ್ಟಿ ಮಗುಚದೇ ಇದ್ದದ್ದು, ಆಟಿಕೆ ಮುಟ್ಟದೇ ಇದ್ದದ್ದು ಎರಡು ಬೇರೆ ದೂರುಗಳೇ ಅಲ್ಲ. ಒಂದೇ ದೂರು.

ತಾಯಿ ವಿಡಿಯೋವನ್ನು ಮೂರು ಸಲ ನೋಡಿದರು. ಕಣ್ಣು ತುಂಬಿ ಬಂತು. "ನಾನೇ ಹಾಳು ಮಾಡಿದ್ನಾ ಮೇಡಂ?" ಅಂದರು. ಇಲ್ಲ ಅಂತ ಬಿಡಿಸಿ ಹೇಳಬೇಕಾಯಿತು. ಮಗುವಿಗೆ ಏನು ಬೇಕು ಅನ್ನುವುದನ್ನು ಅವಳ ಕಣ್ಣಿನಲ್ಲೇ ಓದುವ ತಾಯಿ ಅವರು. ಅದು ದೊಡ್ಡ ವಿದ್ಯೆ. ಓದಿದ ಮೇಲೆ ಸ್ವಲ್ಪ ತಡೆದುಕೊಳ್ಳಬೇಕು, ಅಷ್ಟೇ.

ನಾನು ಮಾಡಿದ ತಪ್ಪು

ಆ ದಿನ ಉತ್ಸಾಹದಲ್ಲಿ ಒಂದು ಹಾಳೆ ತುಂಬ ಬರೆದುಕೊಟ್ಟೆ. ಒಂಬತ್ತು ಆಟ, ಪ್ರತಿಯೊಂದಕ್ಕೂ ಹೊತ್ತು, ಪಕ್ಕದಲ್ಲಿ ಟಿಕ್ ಹಾಕಲು ಚೌಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ, ಇನ್ನೂ ಹರಿದಾಡದ ಮಗು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಇರಬೇಕು, ಅದೂ ಬಿಡಿ ಬಿಡಿಯಾಗಿ. ಕುರ್ಚಿ, ಗಾಡಿಗಳಲ್ಲಿ ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಪುಟ್ಟಿ ನೆಲದ ಮೇಲೆ ಇರುತ್ತಿದ್ದದ್ದು ದಿನಕ್ಕೆ ಹತ್ತು ನಿಮಿಷವೂ ಇಲ್ಲ. ಆ 30 ನಿಮಿಷವನ್ನು ನಾನು ಹಾಳೆಯ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಎರಡು ವಾರದ ನಂತರ ಹೋದರೆ ಹಾಳೆ ಫ್ರಿಜ್ ಮೇಲೆ ಅಂಟಿಕೊಂಡಿತ್ತು, ಚೌಕಗಳು ಖಾಲಿ. ಮೊದಲ ದಿನ ಹಾಲು ಕುಡಿಸಿದ ಹತ್ತು ನಿಮಿಷಕ್ಕೇ ಬೋರಲು ಮಲಗಿಸಿದ್ದರು, ಮಗು ಕುಡಿದದ್ದೆಲ್ಲ ಕಕ್ಕಿಕೊಂಡಿತು. ಎರಡನೇ ದಿನ ಮಲಗಿಸಿದ ತಕ್ಷಣ ರಚ್ಚೆ ಹಿಡಿಯಿತು. ಅಜ್ಜಿ, "ಎತ್ಕೊಳ್ಳೇ ಸಾಕು, ಹಸುಗೂಸಿಗೆ ಇದೆಂಥ ಶಿಕ್ಷೆ" ಅಂದರು. ಅಲ್ಲಿಗೆ ಮುಗಿಯಿತು.

ತಪ್ಪು ಅವರದ್ದಲ್ಲ. ಹಾಲು ಕುಡಿಸಿ ಅರ್ಧ ಗಂಟೆಯಾದರೂ ಬಿಡಿ ಅಂತ ನಾನು ಬಾಯಲ್ಲಿ ಹೇಳಿದ್ದೆ, ಹಾಳೆಯಲ್ಲಿ ಬರೆದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಮೂರು ಸಲ ಏಳುವ ತಾಯಿಯ ಕೈಗೆ ಒಂಬತ್ತು ಚೌಕದ ಹಾಳೆ ಕೊಡುವುದು ಎಂಥ ಬುದ್ಧಿ? ಹಾಳೆ ಕಿತ್ತು ಜೇಬಿಗೆ ಹಾಕಿಕೊಂಡೆ.

ಉಳಿದದ್ದು ಮೂರು ಆಟ

ಹೊಸ ಕೆಲಸ ಸೇರಿಸುವ ಬದಲು, ದಿನಾ ಆಗೇ ಆಗುವ ಕೆಲಸಗಳಿಗೆ ಆಟವನ್ನು ಅಂಟಿಸಿದೆವು.

ಡೈಪರ್ ಬದಲಿಸಿದಾಗಲೆಲ್ಲ ಒಂದು ನಿಮಿಷ ಬೋರಲು. ಆರೇಳು ಸಲ ಬದಲಿಸಿದರೆ ಆರೇಳು ನಿಮಿಷ ತಾನಾಗಿಯೇ ಆಗುತ್ತದೆ. ಎದೆಯ ಕೆಳಗೆ ಸುತ್ತಿದ ಟವೆಲ್, ಮೊಣಕೈ ಅದರ ಮುಂದೆ. ಎದುರಿಗೆ ದೊಡ್ಡವರೂ ಬೋರಲು ಮಲಗಬೇಕು, ಮುಖಕ್ಕೆ ಮುಖ. ಮೇಲೆ ನಿಂತು "ತಲೆ ಎತ್ತು, ತಲೆ ಎತ್ತು" ಅಂದರೆ ಆಗಲ್ಲ. ಅತ್ತರೆ ಎತ್ತಿಕೊಳ್ಳಿ, ಹಟ ಬೇಡ ಅಂದೆ. ಮೊದಲ ವಾರ ನೆಲ ಬೇಡವೇ ಬೇಡ ಅಂತ ಅತ್ತಳು. ಆಗ ತಂದೆ ದಿಂಬಿಗೆ ಒರಗಿ ಮಲಗಿ ಅವಳನ್ನು ಎದೆಯ ಮೇಲೆ ಬೋರಲು ಹಾಕಿಕೊಂಡರು. ಅಲ್ಲಿ ಅಳಲಿಲ್ಲ. ಗಡ್ಡ ಕಂಡರೆ ತಲೆ ಎತ್ತುತ್ತಿದ್ದಳು.

ಸ್ನಾನ ಆದ ಮೇಲೆ ಚಮಚದ ಆಟ, ಮಗ್ಗುಲಾಗಿ ಮಲಗಿಸಿ. ಒಂದೇ ವಸ್ತು. ಇಟ್ಟ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಹತ್ತಕ್ಕೂ ಕೈ ಬರದಿದ್ದರೆ ವಸ್ತುವನ್ನು ಒಂದು ಬೆರಳು ಹತ್ತಿರ ತಳ್ಳಬಹುದು, ಕೈಗೆ ಇಡುವಂತಿಲ್ಲ. ಇದಕ್ಕೆ ತಾಯಿ "ಹತ್ತು ಎಣಿಸೋ ಆಟ" ಅಂತ ಹೆಸರಿಟ್ಟರು. ಆಡುವವರು ಮಗುವೋ ತಾಯಿಯೋ ಅಂತ ನನಗೆ ಇವತ್ತಿಗೂ ಅನುಮಾನ.

ಸಾಮಾನು ಯಾವುದು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಮರದ ಚಮಚ, ಪುಟ್ಟ ಸ್ಟೀಲ್ ಬಟ್ಟಲು, ಮೂಲೆಗೆ ಗಂಟು ಹಾಕಿದ ಹತ್ತಿ ಬಟ್ಟೆ. ಮೂರಕ್ಕೂ ಬೇರೆ ಬೇರೆ ತಂಪು, ತೂಕ, ಸದ್ದು. ಎಲ್ಲವೂ ಬಾಯಿಗೆ ಹೋಗುತ್ತವೆ, ಹೋಗಲಿ, ಆ ವಯಸ್ಸಿಗೆ ಬಾಯಿಯೂ ಒಂದು ಕೈಯೇ. ತೊಳೆದಿರಬೇಕು, ಉದ್ದ ದಾರ ಇರಬಾರದು, ಟಾಯ್ಲೆಟ್ ಪೇಪರಿನ ಕೊಳವೆಯೊಳಗೆ ತೂರುವಷ್ಟು ಚಿಕ್ಕದು ಯಾವುದೂ ಕೈಗೆ ಎಟುಕಬಾರದು. ಹಾಡುವ ಡಬ್ಬಿಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಅಂತ ನೋಡಿದೆ. ಒಂದಕ್ಕೆ ಇರಲಿಲ್ಲ, ಅದನ್ನು ಅಲ್ಲೇ ತೆಗೆಸಿದೆ. ಗುಂಡಿಯಂಥ ಬ್ಯಾಟರಿ ಮಗುವಿನ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ.

ದೀಪ, ಹಾಡಿನ ಆಟಿಕೆಗಳ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಎಲ್ಲವನ್ನೂ ಆಟಿಕೆಯೇ ಮಾಡಿದರೆ ಮಗುವಿಗೆ ಉಳಿಯುವುದು ನೋಡುವುದು ಮಾತ್ರ. ಮಾತೂ ಕಡಿಮೆಯಾಗುತ್ತದೆ. 10ರಿಂದ 16 ತಿಂಗಳ 26 ಮಕ್ಕಳು ಹೆತ್ತವರ ಜೊತೆ ಆಡುವುದನ್ನು ಧ್ವನಿಮುದ್ರಿಸಿದ ಒಂದು ಅಧ್ಯಯನ 2016ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದಿದೆ. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ, ಪುಸ್ತಕ ಹಿಡಿದಾಗಿನದಕ್ಕಿಂತ ದೊಡ್ಡವರೂ ಕಡಿಮೆ ಮಾತಾಡಿದ್ದರು, ಮಕ್ಕಳೂ ಕಡಿಮೆ ಸದ್ದು ಮಾಡಿದ್ದರು. ಪುಟ್ಟಿಯ ಡಬ್ಬಿಗಳು ಬೀರು ಸೇರಿದವು. ವಾಕರ್ ಪೆಟ್ಟಿಗೆಯನ್ನು ಬಿಚ್ಚದೆಯೇ ವಾಪಸ್ ಮಾಡಿಸಿದೆ. ಅದರಲ್ಲಿ ಕೂತ ಮಗು ಬೇಗ ನಡೆಯುವುದಿಲ್ಲ, ಬೇಗ ಮೆಟ್ಟಿಲ ಹತ್ತಿರ ಹೋಗುತ್ತದೆ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದೇ ನಿಷೇಧ.

ಮೂರನೇ ಆಟವನ್ನು ನಾನು ಕೊಟ್ಟಿದ್ದಲ್ಲ, ಅಜ್ಜಿಯದು. ಬೋರಲು ಆಟಕ್ಕೆ ಮುನಿಸಿಕೊಂಡಿದ್ದ ಅಜ್ಜಿ ಸಂಜೆ ಪುಟ್ಟಿಯನ್ನು ತೊಡೆಯ ಮೇಲೆ ಎದುರಾಗಿ ಮಲಗಿಸಿಕೊಂಡು ತುಟಿ ಅದುರಿಸಿ "ಬ್ರ್‌ರ್" ಅನ್ನುತ್ತಿದ್ದರು. ಅಂದು, ಸುಮ್ಮನಾಗುತ್ತಿದ್ದರು. ಹುಬ್ಬು ಮೇಲೆತ್ತಿ ಕಾಯುತ್ತಿದ್ದರು. ಪುಟ್ಟಿಯ ಕಾಲು ನಿಂತು, ಬಾಯಿ ಅರೆ ತೆರೆದು, ಕೊನೆಗೆ ಒಂದು "ಆಂ" ಹೊರಡುತ್ತಿತ್ತು. ತಕ್ಷಣ ಅಜ್ಜಿ ಮತ್ತೆ "ಬ್ರ್‌ರ್". ಎಷ್ಟು ಹೊತ್ತು ಕಾಯುತ್ತಾರೆ ಅಂತ ಗಡಿಯಾರ ನೋಡಿದೆ. ಒಮ್ಮೆ 9 ಸೆಕೆಂಡ್, ಒಮ್ಮೆ 11. ಪುಟ್ಟಿಯ ತಾಯಿಗೆ ನಾನು ಕಲಿಸಲು ಒದ್ದಾಡುತ್ತಿದ್ದದ್ದನ್ನು ಅವರ ತಾಯಿ ಅಲ್ಲೇ ಪಕ್ಕದ ಕೋಣೆಯಲ್ಲಿ ಮಾಡುತ್ತಿದ್ದರು.

ಉತ್ತರ ಕೊಡುವ ಮುಖ ಮಗುವಿಗೆ ಎಷ್ಟು ಬೇಕು ಅನ್ನುವುದನ್ನು 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲು ಮಾಡಿಕೊಂಡರೆ, ಮಗು ಮೊದಲು ನಗಿಸಲು ನೋಡುತ್ತದೆ, ಆಗದಿದ್ದರೆ ಕಂಗಾಲಾಗುತ್ತದೆ. ಅಜ್ಜಿಯ ಮೌನ ಅಂಥದ್ದಲ್ಲ. ಅವರ ಮುಖ "ನಿನ್ನ ಸರದಿ" ಅನ್ನುತ್ತಿತ್ತು. "ಅಮ್ಮಾ, ಇದೇ ಆಟವನ್ನು ಚಾಪೆ ಮೇಲೆ ಆಡಿಸ್ತೀರಾ? ಮಗು ಬೋರಲು, ನೀವು ಎದುರಿಗೆ" ಅಂದೆ. "ನನ್ನ ಮಂಡಿ ಬಗ್ಗಲ್ಲಮ್ಮ" ಅಂದರು. ಕೊನೆಗೆ ಮಗು ಅಗಲವಾದ ಮಂಚದ ಮೇಲೆ, ಅಜ್ಜಿ ಕೆಳಗೆ ಕುರ್ಚಿಯಲ್ಲಿ, ಮಗುವಿನ ಪಕ್ಕದಲ್ಲಿ ತಾಯಿ. ಮಗು ಅಳುತ್ತಿದೆ ಅಂತ ಅಜ್ಜಿ ದೂರುವುದು ಅಂದಿಗೆ ನಿಂತಿತು.

ಮುಂದೆ ಆದದ್ದು

ಶುರುವಾದ ಐದನೇ ವಾರ ತಾಯಿ ಒಂದು ವಿಡಿಯೋ ಕಳಿಸಿದರು. ಪುಟ್ಟಿ ಬೋರಲು ಮಲಗಿ ಬಟ್ಟಲಿಗೆ ಕೈ ಚಾಚುತ್ತಾಳೆ, ಭಾರ ಎಡ ಮೊಣಕೈಗೆ ಹೋಗುತ್ತದೆ, ಇನ್ನೊಂದು ಚೂರು ಚಾಚುತ್ತಾಳೆ, ದಬಕ್ ಅಂತ ಅಂಗಾತ. ಎರಡು ಕ್ಷಣ ಏನಾಯಿತು ಅಂತ ತಿಳಿಯದೆ ಸೂರನ್ನು ನೋಡಿ, ಆಮೇಲೆ ಜೋರಾಗಿ ಅಳು. ಹಿಂದಿನಿಂದ ತಾಯಿಯ ದನಿ, "ಏಳು, ಎಂಟು, ಅಯ್ಯೋ!"

ಏಳನೇ ವಾರಕ್ಕೆ ಅಂಗಾತದಿಂದ ಬೋರಲೂ ಬಂತು. ಕೆಳಗಿನ ಕೈ ಮೈಯಡಿ ಸಿಕ್ಕಿಕೊಂಡು ಪೇಚಾಡುತ್ತಿದ್ದಳು, ಮೂರ್ನಾಲ್ಕು ದಿನದಲ್ಲಿ ಅದನ್ನು ಎಳೆದುಕೊಳ್ಳುವುದೂ ಗೊತ್ತಾಯಿತು. ಬೋರಲು ಆಟದ ಲೆಕ್ಕ ಇಡುವುದನ್ನು ಆಗ ಬಿಟ್ಟೆವು, ಅವಳೇ ದಿನವಿಡೀ ಬೋರಲು ಇರುತ್ತಿದ್ದಳು. ತಲೆಯ ಚಪ್ಪಟೆ ಹೆಚ್ಚಲಿಲ್ಲ, ಸ್ವಲ್ಪ ತುಂಬಿಕೊಂಡಿತು ಕೂಡ.

ಹನ್ನೊಂದನೇ ವಾರ, ಆ 5 ವಾರ ಕಳೆದು ಸರಿಪಡಿಸಿದ ವಯಸ್ಸು ಎಂಟು ತಿಂಗಳು. ಮುಂದೆ ಕೈ ಊರದೆ ಕೂರುತ್ತಿದ್ದಳು. ಅವಳು ನೋಡುತ್ತಿದ್ದಂತೆ ಚಮಚದ ಮೇಲೆ ಬಟ್ಟೆ ಮುಚ್ಚಿದೆ. ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬಟ್ಟೆಯ ಗಂಟು ಹಿಡಿದು ಎಳೆದಳು. ಚಮಚ ಕಂಡಿತು. ಅವಳಿಗೆ ಚಮಚ ಬೇಡವಾಗಿತ್ತು, ಬಟ್ಟೆಯೇ ಚೆನ್ನಾಗಿತ್ತು. ಕಾಣದ ವಸ್ತುವೂ ಇದೆ ಅಂತ ಹುಡುಕುವುದು ಎಂಟು ತಿಂಗಳ ಆಸುಪಾಸಿನಲ್ಲಿ ಬರುತ್ತದೆ ಅಂತ ಮಕ್ಕಳ ಮನಸ್ಸಿನ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ್ದರು. ಮುಖದ ಮೇಲೆ ಬಟ್ಟೆ ಹಾಕಿಕೊಂಡು "ಬೂ" ಅನ್ನುವ ಆಟಕ್ಕೆ ಮಕ್ಕಳು ಕೇಕೆ ಹಾಕುವುದೂ ಹೆಚ್ಚುಕಡಿಮೆ ಇದೇ ಕಾಲಕ್ಕೆ.

ಇದೆಲ್ಲ ಆಟದಿಂದಲೇ ಆಯಿತು ಅಂತ ಒಂದು ಮಗುವನ್ನು ನೋಡಿ ಹೇಳುವುದು ತಪ್ಪು. ಐದೂವರೆ ತಿಂಗಳ ಮಗು ಎಂಟು ತಿಂಗಳಾಗುವಷ್ಟರಲ್ಲಿ ಹೇಗೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಸರೆ ಇಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳವರೆಗೆ ಯಾವಾಗ ಬೇಕಾದರೂ ಬರಬಹುದು. ಆದರೆ ನಾನು ಮೊದಲ ದಿನ ಎಳೆದ ಗೆರೆಗಳನ್ನು ಮತ್ತೆ ಎಳೆದೆ. ಅದೇ 20 ನಿಮಿಷ. ಕೈಗೆ ಇಟ್ಟದ್ದು 2 ಸಲ, ಅವಳಾಗಿ ಚಾಚಿದ್ದು 17 ಸಲ. ಆ ಎರಡೂ ಸಲ ಇಟ್ಟವರು ತಂದೆ. "ನಂಗೆ ಐದರ ಮೇಲೆ ಎಣಿಸೋಕಾಗಲ್ಲ" ಅಂದರು.

ಹದಿನೈದನೇ ವಾರ ಕೊನೆಯ ಸಲ ಹೋದಾಗ ಅಂಬೆಗಾಲು ಇನ್ನೂ ಬಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಲೆಕ್ಕದಲ್ಲಿ ಅಂಬೆಗಾಲಿಗೆ 13.5 ತಿಂಗಳವರೆಗೂ ಸಮಯವಿದೆ, ಕೆಲವು ಮಕ್ಕಳು ಅಂಬೆಗಾಲೇ ಇಡದೆ ನೇರ ನಡೆಯುತ್ತಾರೆ. ಪುಟ್ಟಿ ಕಂಡುಕೊಂಡ ದಾರಿ ಬೇರೆ. ಬಟ್ಟಲು ಮುಂದಿದೆ, ಅವಳು ಎರಡೂ ಕೈ ಊರಿ ಜೋರಾಗಿ ಒತ್ತುತ್ತಾಳೆ, ಮೈ ಸರ್ರನೆ ಹಿಂದಕ್ಕೆ ಹೋಗುತ್ತದೆ. ಕಾಲಿಗಿಂತ ಕೈಗೆ ಮೊದಲು ಬಲ ಬಂದ ಮಕ್ಕಳು ಹೀಗೆ ಮಾಡುವುದುಂಟು. ಬಟ್ಟಲು ದೂರವಾದಷ್ಟೂ ಸಿಟ್ಟು, ಸಿಟ್ಟು ಬಂದಷ್ಟೂ ಇನ್ನೂ ಜೋರಾಗಿ ಒತ್ತುವುದು. ನಾವು ಮೂವರೂ ಕೈ ಕಟ್ಟಿಕೊಂಡು ಎಣಿಸುತ್ತಿದ್ದೆವು. ಹತ್ತಾಗುವಷ್ಟರಲ್ಲಿ ಅವಳ ಕಾಲೆರಡೂ ಸೋಫಾದ ಕೆಳಗೆ ಹೋಗಿದ್ದವು.

"ಈಗಲಾದ್ರೂ ಎತ್ಕೋಬೋದಾ?" ಅಂದರು ಅಜ್ಜಿ.